ಕ್ಯಾಲೆಂಡರ್‌ನಲ್ಲಿ ಮೊದಲು ರಜೆ ಬರೆಯಿರಿ, ಓಟ ಆಮೇಲೆ

ನಮ್ಮ ಮಿಲ್‌ನ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿದ್ದೇನೆ. ಹಾಲಿನ ಲೆಕ್ಕ, ಚೀಟಿ ಕಟ್ಟುವ ದಿನ, ಕರೆಂಟ್ ಬಿಲ್ಲು ಎಲ್ಲಾ ಅದರ ಮೇಲೇ. ಹೊಸ ತಿಂಗಳ ಹಾಳೆ ತಿರುವಿದ ದಿನ ನಾನು ಮೊದಲು ನೀಲಿ ಪೆನ್ನು ತೆಗೆದುಕೊಂಡು ‘ರಜೆ’ ಅಂತ ಬರೆಯುತ್ತೇನೆ. ವಾರಕ್ಕೆ ಎರಡು ಕಡೆ. ಕೆಂಪು ಪೆನ್ನು ಹಿಡಿಯುವುದು ಆಮೇಲೆ. ಕೆಂಪು ಅಂದರೆ ಜೋರು ತಾಲೀಮಿನ ದಿನ. ಮುಂಚೆ ಇದು ಉಲ್ಟಾ ಇತ್ತು. ಕೆಂಪು ತುಂಬಿಸಿದ ಮೇಲೆ ಉಳಿದ ಜಾಗದಲ್ಲಿ ರಜೆ ಅಂದುಕೊಳ್ಳುತ್ತಿದ್ದೆ. ಜಾಗ ಉಳಿಯುತ್ತಲೇ ಇರಲಿಲ್ಲ.

ನಾನು ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ಹಿಟ್ಟಿನ ಮಿಲ್ ನಡೆಸುತ್ತೇನೆ. ವಯಸ್ಸು 44. ಓಡಲು ಶುರು ಮಾಡಿ 7 ವರ್ಷವಾಯಿತು. 21 ಕಿಲೋಮೀಟರ್ ಓಟ ಐದು ಸಲ, 42 ಕಿಲೋಮೀಟರ್ ಒಂದು ಸಲ ಮುಗಿಸಿದ್ದೇನೆ. ಕೋಚ್ ಅಲ್ಲ, ಡಾಕ್ಟರ್ ಅಲ್ಲ. ಆದರೆ ದಿನವಿಡೀ ನಿಂತು ದುಡಿದು, ಅದರ ಜೊತೆಗೆ ದೂರದ ಓಟ ಓಡುವವರಿಗೆ ವಿಶ್ರಾಂತಿಯ ಲೆಕ್ಕ ಬೇರೆಯೇ ಇರಬೇಕು ಅನ್ನುವುದನ್ನು ಕಷ್ಟಪಟ್ಟು ಕಲಿತಿದ್ದೇನೆ. ಅಂಗಡಿ, ಹೊಲ, ಗಾರ್ಮೆಂಟ್ಸ್, ಆಸ್ಪತ್ರೆ, ಎಲ್ಲಿ ದುಡಿಯುವವರಾದರೂ ಇದು ನಿಮಗೆ ಉಪಯೋಗಕ್ಕೆ ಬರುತ್ತದೆ. ಸೈಕಲ್ ಹೊಡೆಯುವವರಿಗೂ ಇದೇ ಲೆಕ್ಕ.

2022ರಲ್ಲಿ ಏನಾಯಿತು ಅಂತ ಹೇಳಿಬಿಡುತ್ತೇನೆ. ಆಗ ನನಗೆ 41. ಒಂದು 21 ಕಿಲೋಮೀಟರ್ ಓಟವನ್ನು 2 ಗಂಟೆ ಒಳಗೆ ಮುಗಿಸಬೇಕು ಅಂತ ಹಟ ಹಿಡಿದಿದ್ದೆ. ಮಂಗಳವಾರ, ಗುರುವಾರ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಜೋರು ಸುತ್ತುಗಳು. ಭಾನುವಾರ ದೇವರಾಯನದುರ್ಗದ ಏರು. ಉಳಿದ ದಿನವೂ ಸುಮ್ನೆ ಇರದೆ 8 ಕಿಲೋಮೀಟರ್, ಅದೂ ಗಡಿಯಾರ ನೋಡಿಕೊಂಡು. ಮನೆಗೆ ಬಂದು ಸ್ನಾನ, ಅಡುಗೆ, ಆಮೇಲೆ ಮಿಲ್‌ನಲ್ಲಿ ಹತ್ತು ಗಂಟೆ ನಿಲ್ಲುವುದು. ತೂಕ ಇಳಿದರೆ ವೇಗ ಬರುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಊಟವನ್ನೂ ಕಮ್ಮಿ ಮಾಡಿದ್ದೆ.

ಮೂರನೇ ತಿಂಗಳಲ್ಲಿ ಬಲಗಾಲಿನ ಮೊಣಕಾಲ ಕೆಳಗೆ, ಮುಂದಿನ ಮೂಳೆಯ ಒಳಬದಿಯಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನೋವು ಶುರುವಾಯಿತು. ಮೊದಮೊದಲು ಓಡಿದ ಮೇಲೆ ಮಾತ್ರ. ಆಮೇಲೆ ರಾಗಿ ಮೂಟೆ ಎತ್ತುವಾಗ. ಕೊನೆಗೆ ರಾತ್ರಿ ಹಾಸಿಗೆಯಲ್ಲಿ ಕಾಲು ಚಾಚಿದರೂ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂಳೆಯ ಕೂದಲೆಳೆ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಗೆ ಸಿಗದೇ ಇರುವುದು ಜಾಸ್ತಿಯಂತೆ. ಎಂಆರ್‌ಐಯಲ್ಲಿ ಕಂಡಿತು. ಎಂಟು ವಾರ ಓಟ ಬಂದ್. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8. ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ ಅನ್ನುತ್ತಾರೆ. ಅಷ್ಟರಲ್ಲಿ ಮೂರು ತಿಂಗಳಿಂದ ಮುಟ್ಟೂ ನಿಂತಿತ್ತು. ವಯಸ್ಸಾಯಿತು, ನಿಲ್ಲುವ ಕಾಲ ಬಂತು ಅಂದುಕೊಂಡಿದ್ದೆ. ಡಾಕ್ಟರ್ ಕೇಳಿದ ಮೇಲೆ ಗೊತ್ತಾಯಿತು, ಅದು ವಯಸ್ಸಿನದ್ದಲ್ಲ. ದುಡಿತಕ್ಕೆ ತಕ್ಕಷ್ಟು ತಿನ್ನದೇ ಇದ್ದಾಗ ದೇಹ ಹಾಗೆ ಮಾಡುತ್ತದೆ, ಅದರ ಜೊತೆಗೇ ಮೂಳೆಯೂ ಸವೆಯುತ್ತದೆ. ಓಡುವ ಹೆಣ್ಣುಮಕ್ಕಳೇ, ದಯವಿಟ್ಟು ಇದನ್ನು ನೆನಪಿಡಿ. ತಾಲೀಮು ಜಾಸ್ತಿಯಾದಾಗ ಮುಟ್ಟು ತಪ್ಪಿದರೆ ಅದು ಸಾಧನೆಯ ಗುರುತಲ್ಲ. ಡಾಕ್ಟರ್ ಹತ್ತಿರ ಹೋಗಬೇಕಾದ ವಿಷಯ.

ಓಡುವಾಗ ಶಕ್ತಿ ಬರುವುದಿಲ್ಲ

ಓಡುವಾಗ ಶಕ್ತಿ ಹೋಗುತ್ತದೆ. ಮಾಂಸಖಂಡದ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ. ಒಳಗೆ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಖಾಲಿಯಾಗುತ್ತದೆ. ಶಕ್ತಿ ಬರುವುದು ಆಮೇಲೆ, ನೀವು ತಿಂದು ಮಲಗಿದಾಗ. ದೇಹ ಹರಿದದ್ದನ್ನು ಹೊಲಿಯುತ್ತದೆ, ಮೊದಲಿಗಿಂತ ಚೂರು ಗಟ್ಟಿಯಾಗಿ. ಆ ಕೆಲಸ ನಡೆಯುತ್ತಿರುವಾಗಲೇ ಮತ್ತೆ ಜೋರಾಗಿ ಓಡಿದರೆ ಹೊಲಿಗೆ ಅರ್ಧಕ್ಕೇ ನಿಲ್ಲುತ್ತದೆ. ಈಗ ತಾನೇ ಬೀಸಿದ ಹಿಟ್ಟು ಕೈಗೆ ಬಿಸಿ ಹತ್ತುತ್ತದೆ, ಅಲ್ವಾ? ಆರುವ ಮೊದಲೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದರೆ ಒಳಗೆ ಬೆವೆತು ಗಂಟು ಕಟ್ಟುತ್ತದೆ. ಮಿಲ್‌ಗೆ ಬಂದವರಿಗೆ ದಿನಾ ನಾನೇ ಹೇಳುವ ಮಾತಿದು, ಹರಡಿ ಆರಿಸಿ ಅಂತ. ನನ್ನ ಕಾಲಿಗೆ ಮಾತ್ರ ಹೇಳಿರಲಿಲ್ಲ.

ಸಕ್ಕರೆಯ ದಾಸ್ತಾನು ಚೆನ್ನಾಗಿ ಊಟ ಮಾಡಿದರೆ ಸುಮಾರು ಒಂದು ದಿನದಲ್ಲಿ ತುಂಬುತ್ತದೆ. ಮಾಂಸಖಂಡದ ನೋವು ಸಾಮಾನ್ಯವಾಗಿ ಎರಡನೇ ದಿನ ಜಾಸ್ತಿ. ಆದರೆ ಎಲ್ಲಕ್ಕಿಂತ ನಿಧಾನ ಮೂಳೆ, ಮತ್ತೆ ಮಾಂಸಖಂಡವನ್ನು ಮೂಳೆಗೆ ಹಿಡಿದಿಡುವ ಸ್ನಾಯುರಜ್ಜು. ದಮ್ಮು ಕೆಲವೇ ವಾರಗಳಲ್ಲಿ ಬರುತ್ತದೆ, ಮೂಳೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಜನ ಬೀಳುವುದು ಇಲ್ಲೇ. ಮೂರನೇ ತಿಂಗಳಲ್ಲಿ ಉಸಿರು ಚೆನ್ನಾಗಿ ಆಡುತ್ತದೆ, ಕಾಲು ಹಗುರ ಅನಿಸುತ್ತದೆ, ಇನ್ನೂ ಓಡೋಣ ಅನಿಸುತ್ತದೆ. ಮೂಳೆ ಇನ್ನೂ ಆ ಮಟ್ಟಕ್ಕೆ ಬಂದಿರುವುದಿಲ್ಲ. ನನ್ನ ಬಿರುಕು ಬಿದ್ದಿದ್ದು ನನಗೆ ತುಂಬಾ ಚೆನ್ನಾಗಿ ಓಡುತ್ತಿದ್ದೇನೆ ಅನಿಸುತ್ತಿದ್ದ ತಿಂಗಳಲ್ಲೇ.

ಹಗುರ ಅಂದರೆ ನಿಜಕ್ಕೂ ಹಗುರ

ಒಂದು ದಿನ ಜೋರು, ಮರುದಿನ ಹಗುರ ಅನ್ನುವ ಪದ್ಧತಿಯನ್ನು ಹೆಚ್ಚು ಜನರಿಗೆ ಮುಟ್ಟಿಸಿದವರು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿದ್ದ ಬಿಲ್ ಬೋವರ್‌ಮನ್. ಆಮೇಲೆ ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಎಂಬ ಸಂಶೋಧಕರು ದೊಡ್ಡ ದೊಡ್ಡ ಓಟಗಾರರು, ಸ್ಕೀ ಆಡುವವರು, ದೋಣಿ ಹುಟ್ಟು ಹಾಕುವವರ ತಾಲೀಮು ಹೇಗಿರುತ್ತದೆ ಅಂತ ಲೆಕ್ಕ ಹಾಕಿದರು. ಹತ್ತರಲ್ಲಿ ಸುಮಾರು ಎಂಟು ತಾಲೀಮು ಹಗುರ, ಎರಡು ಮಾತ್ರ ಜೋರು. ಅದನ್ನೇ ಕಸುಬು ಮಾಡಿಕೊಂಡವರೇ ಹಾಗೆ ಓಡುವಾಗ, ಹತ್ತು ಗಂಟೆ ನಿಂತು ದುಡಿಯುವ ನಾವು ದಿನಾ ಏದುಸಿರು ಬಿಟ್ಟು ಓಡಬೇಕಾಗಿಲ್ಲ.

ನಮ್ಮಲ್ಲಿ ಎಲ್ಲರೂ ತಪ್ಪುವುದು ಹಗುರದ ವೇಗದಲ್ಲೇ. ನಾನು 10 ಕಿಲೋಮೀಟರನ್ನು 58 ನಿಮಿಷದಲ್ಲಿ ಓಡುತ್ತೇನೆ. ಅಂದರೆ ಕಿಲೋಮೀಟರಿಗೆ 6 ನಿಮಿಷದೊಳಗೆ. ಹಗುರದ ದಿನ ನನ್ನ ವೇಗ ಕಿಲೋಮೀಟರಿಗೆ ಏಳೂವರೆ ನಿಮಿಷ. ಮೈದಾಳ ಕೆರೆ ಕಡೆ ಓಡುವಾಗ ವಾಕಿಂಗ್ ಬಂದವರು ಕೂಡ ಸುಮಾರು ಹೊತ್ತು ಕಣ್ಣಿಗೆ ಕಾಣುತ್ತಲೇ ಇರುತ್ತಾರೆ. ಅಷ್ಟು ನಿಧಾನ. ಗಡಿಯಾರ ಬೇಡ, ಮಾತಾಡಿ ನೋಡಿ ಸಾಕು. ಪೂರ್ತಿ ವಾಕ್ಯ ಉಸಿರು ಕಟ್ಟದೆ ಹೇಳಲು ಬರಬೇಕು. ಎರಡೆರಡು ಪದಕ್ಕೆ ಉಸಿರು ಎಳೆದುಕೊಳ್ಳುವಂತಾದರೆ ಅದು ಹಗುರವಲ್ಲ.

ನಮ್ಮ ಅಕ್ಕನ ಮಗ ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದ. ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಇವನು ದಿನಾ ಬೆಳಗ್ಗೆ ಸ್ಟೇಡಿಯಂಗೆ ಹೋಗಿ ಅದೇ ನಾಲ್ಕು ಸುತ್ತನ್ನು ಜೀವ ಬಿಟ್ಟು ಓಡುತ್ತಿದ್ದ. ಒಂದು ತಿಂಗಳಾದರೂ 7 ನಿಮಿಷದ ಆಚೀಚೆಯೇ.

“ಚಿಕ್ಕಮ್ಮ, ಒಂದಿನಾನೂ ತಪ್ಪಿಸಿಲ್ಲ. ಟೈಮ್ ಕಮ್ಮಿ ಆಗ್ತಾನೇ ಇಲ್ಲ” ಅಂದ.

“ದಿನಾ ಪರೀಕ್ಷೆ ಬರೀತಾ ಇದೀಯ ಕಣೋ. ಓದೋದು ಯಾವಾಗ?” ಅಂದೆ.

ಮರುದಿನದಿಂದ ಅವನನ್ನು ನನ್ನ ಜೊತೆ ಕರೆದುಕೊಂಡು ಹೋದೆ. ಬಸದಿ ಬೆಟ್ಟದ ರಸ್ತೆಯಲ್ಲಿ ನಲವತ್ತು ನಿಮಿಷ, ನನ್ನ ವೇಗಕ್ಕೇ ಓಡಬೇಕು, ದಾರಿಯುದ್ದಕ್ಕೂ ಅವನೇ ಮಾತಾಡಬೇಕು ಅಂತ ಕರಾರು. ಮೊದಲ ವಾರ ಅವನಿಗೆ ಬೇಜಾರು. ಇಷ್ಟು ನಿಧಾನ ಓಡಿದರೆ ಇರುವ ವೇಗವೂ ಹೋಗುತ್ತದೆ ಅಂತ ಭಯ. ವಾರಕ್ಕೆ ಎರಡು ದಿನ ಮಾತ್ರ ಸ್ಟೇಡಿಯಂ. ಅಲ್ಲೂ ಪೂರ್ತಿ 1600 ಇಲ್ಲ, 400 ಮೀಟರಿನ ಆರು ಸುತ್ತು, ನಡುವೆ ಎರಡೆರಡು ನಿಮಿಷ ನಡಿಗೆ. ಹತ್ತನೇ ವಾರ ಗಡಿಯಾರ ಹಿಡಿದು ಪೂರ್ತಿ ಓಡಿಸಿದೆ. 6 ನಿಮಿಷ 24 ಸೆಕೆಂಡು. ಓಡಿ ಮುಗಿಸಿ ನೆಲಕ್ಕೆ ಬೀಳಲಿಲ್ಲ, ನಿಂತುಕೊಂಡೇ ಎಷ್ಟಾಯಿತು ಅಂತ ಕೇಳಿದ.

ವಾರ ಹೇಗೆ ಜೋಡಿಸುವುದು

ನನ್ನದು ಹೀಗಿದೆ. ಸೋಮವಾರ ನೀಲಿ, ಏನೂ ಇಲ್ಲ. ಮಂಗಳವಾರ ಕೆಂಪು, 400 ಮೀಟರಿನ ಎಂಟು ಸುತ್ತು ಅಥವಾ ಇಪ್ಪತ್ತು ನಿಮಿಷ ಬಿಗಿಯಾದ ಓಟ. ಬುಧವಾರ, ಗುರುವಾರ ಹಗುರ. ಶುಕ್ರವಾರ ಮತ್ತೆ ನೀಲಿ. ಶನಿವಾರ ಅರ್ಧ ಗಂಟೆ ಹಗುರ. ಭಾನುವಾರ ಉದ್ದದ ಓಟ, 14ರಿಂದ 18 ಕಿಲೋಮೀಟರ್, ವೇಗ ಹಗುರದ್ದೇ ಆದರೂ ದೂರ ಜಾಸ್ತಿ ಇರುವುದರಿಂದ ಅದನ್ನೂ ಕೆಂಪು ಅಂತಲೇ ಎಣಿಸುತ್ತೇನೆ. ವಾರಕ್ಕೆ ಎರಡು ಕೆಂಪಿಗಿಂತ ಜಾಸ್ತಿ ಇಲ್ಲ. ಎರಡು ಕೆಂಪು ಅಕ್ಕಪಕ್ಕ ಬರಬಾರದು. ಮೂರು ವಾರ ಹೀಗೆ ಹೋದ ಮೇಲೆ ನಾಲ್ಕನೇ ವಾರ ಒಟ್ಟು ದೂರದಲ್ಲಿ ಮೂರರಲ್ಲಿ ಒಂದು ಪಾಲು ಕಡಿತ. ಚೆನ್ನಾಗಿದ್ದೇನೆ ಅನಿಸಿದರೂ ಕಡಿತವೇ.

ದೇವರಾಯನದುರ್ಗಕ್ಕೆ ತಿಂಗಳಿಗೆ ಒಂದೇ ಸಲ. ಕೆಳಗಿನ ಭೋಗ ನರಸಿಂಹನ ದೇವಸ್ಥಾನದಿಂದ ಮೇಲಿನ ಯೋಗ ನರಸಿಂಹನ ಕಡೆಗೆ ಏರುವುದು ಎದೆಗೆ ಒಳ್ಳೆಯ ಕೆಲಸ. ಆದರೆ ತೊಡೆಯನ್ನು ಹಾಳು ಮಾಡುವುದು ಏರಲ್ಲ, ಇಳಿಜಾರು. ಇಳಿಯುವಾಗ ತೊಡೆಯ ಮಾಂಸಖಂಡ ಹಿಗ್ಗುತ್ತಲೇ ಭಾರ ತಡೆಯಬೇಕು, ಎಳೆಗಳು ಜಾಸ್ತಿ ಹರಿಯುತ್ತವೆ. ಅದಕ್ಕೇ ನಾನು ಓಡಿ ಏರುತ್ತೇನೆ, ನಡೆದು ಇಳಿಯುತ್ತೇನೆ. ಆ ವಾರದ ಮಂಗಳವಾರ ಕೆಂಪು ಇಲ್ಲ. ಇನ್ನೊಂದು ಮಾತು, ಕಾಡಿನ ದಾರಿ, ಚಿರತೆ ಇರುವ ಜಾಗ. ಪೂರ್ತಿ ಬೆಳಕಾದ ಮೇಲೆ, ಜೊತೆಗೆ ಯಾರಾದರೂ ಇದ್ದರೆ ಮಾತ್ರ ಹೋಗಿ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ವಿಷಯ. ದುಡಿಮೆಯನ್ನೂ ಲೆಕ್ಕಕ್ಕೆ ಸೇರಿಸಿ. ತಾಲೀಮು ಅಳೆಯಲು ಒಂದು ಸುಲಭ ದಾರಿ ಇದೆ. ಓಡಿದ ನಿಮಿಷವನ್ನು ಕಷ್ಟದ ಅಂಕದಿಂದ ಗುಣಿಸುವುದು, ಅಂಕ ಹತ್ತಕ್ಕೆ. ನಲವತ್ತು ನಿಮಿಷ ಹಗುರ, ಕಷ್ಟ 3, ಒಟ್ಟು 120. ಐವತ್ತು ನಿಮಿಷ ಜೋರು, ಕಷ್ಟ 8, ಒಟ್ಟು 400. ವಾರದ ಮೊತ್ತ ಕೂಡಿ, ಹಿಂದಿನ ವಾರಕ್ಕಿಂತ ಒಂದೇ ಸಲಕ್ಕೆ ಹಾರಿದೆಯಾ ನೋಡಬೇಕು. ಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ನಾನು ಅದರ ಪಕ್ಕದಲ್ಲಿ ಮಿಲ್‌ನ ದಿನವನ್ನೂ ಗುರುತು ಹಾಕುತ್ತೇನೆ. ರಾಗಿ ಒಕ್ಕಣೆ ಮುಗಿದು ಜನ ಮೂಟೆ ಮೂಟೆ ತರುವ ದಿನಗಳಿಗೆ ಒಂದು ಕಪ್ಪು ಚುಕ್ಕೆ. ಎರಡು ಕಪ್ಪು ಚುಕ್ಕೆ ಒಟ್ಟಿಗೆ ಬಂದರೆ ಮರುದಿನದ ಕೆಂಪು ರದ್ದು. ಬೇಸಿಗೆಯಲ್ಲಿ ಖಾರದ ಪುಡಿ ಮಾಡಿಸುವ ಸೀಸನ್ ಬರುತ್ತದಲ್ಲ, ಆಗ ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಘಾಟಿಗೆ ದಿನವಿಡೀ ಗಂಟಲು ಕೆರೆಯುತ್ತದೆ, ಕೆಮ್ಮು ಬಿಡುವುದಿಲ್ಲ. ಆ ಎರಡು ತಿಂಗಳು ಸ್ಟೇಡಿಯಂ ಕಡೆ ಹೋಗುವುದೇ ಇಲ್ಲ, ಬರೀ ಹಗುರ. ನಿಮ್ಮ ಕೆಲಸಕ್ಕೂ ಇಂಥ ಸೀಸನ್ ಇರುತ್ತದೆ. ಕಟಾವು, ಮದುವೆ ಮನೆ, ನೈಟ್ ಶಿಫ್ಟ್, ಮಕ್ಕಳ ಪರೀಕ್ಷೆ. ದೇಹಕ್ಕೆ ಇದು ಓಟದ ಸುಸ್ತು, ಇದು ಮನೆಯ ಸುಸ್ತು ಅಂತ ಬೇರೆ ಬೇರೆ ಗೊತ್ತಾಗುವುದಿಲ್ಲ.

ತಿನ್ನುವುದು, ಕುಡಿಯುವುದು, ಮಲಗುವುದು

ಓಟ ಮುಗಿದ ಒಂದು ಗಂಟೆಯೊಳಗೆ ತಿನ್ನಿ. ನಮ್ಮೂರಿನವರಿಗೆ ಇದಕ್ಕೆ ಬೇರೆ ಏನೂ ಹುಡುಕಬೇಕಾಗಿಲ್ಲ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇದೆ. ಎರಡು ತಟ್ಟೆ ಇಡ್ಲಿ ಖಾಲಿಯಾದ ದಾಸ್ತಾನು ತುಂಬಲು ಒಳ್ಳೆಯದು. ಅದರಲ್ಲಿ ಪ್ರೋಟೀನ್ ಕಮ್ಮಿ, ಆದ್ದರಿಂದ ಜೊತೆಗೆ ಎರಡು ಮೊಟ್ಟೆ ಅಥವಾ ಒಂದು ದೊಡ್ಡ ಲೋಟ ಹಾಲು. ದೂರದ ಓಟದವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. ನನ್ನ ತೂಕ 54 ಕೆಜಿ, 75 ಗ್ರಾಂ ಇಟ್ಟುಕೊಂಡಿದ್ದೇನೆ. ಎರಡು ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16, ಒಂದು ಹಿಡಿ ಕಡಲೆಕಾಯಿ ಬೀಜ, ಅಂದರೆ 50 ಗ್ರಾಂನಲ್ಲಿ 12, ನೂರು ಗ್ರಾಂ ಹುರುಳಿಯಲ್ಲಿ 22, ಎರಡು ಮುದ್ದೆಗೆ ಬೇಕಾಗುವ 200 ಗ್ರಾಂ ರಾಗಿ ಹಿಟ್ಟಿನಲ್ಲಿ 14. ಅಲ್ಲಿಗೆ ಆಯಿತು. ಪುಡಿ ಡಬ್ಬ ಬೇಕಾಗಿಲ್ಲ. ರಾಗಿಯ ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೂಳೆ ಬಿರುಕಿನ ಆಮೇಲೆ ನಾನು ಬೀಸುವ ಹಿಟ್ಟಿನ ಬೆಲೆ ನನಗೇ ಹೊಸದಾಗಿ ಗೊತ್ತಾಯಿತು.

ಊಟದ ಜೊತೆ ಕಾಫಿ, ಟೀ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಅವು ಕಬ್ಬಿಣಾಂಶ ಹತ್ತದ ಹಾಗೆ ಮಾಡುತ್ತವೆ. ಸೊಪ್ಪು ಕಾಳಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ.

ನೀರು ಎಷ್ಟು ಕುಡಿಯಬೇಕು ಅಂತ ಎಲ್ಲರೂ ಕೇಳುತ್ತಾರೆ. ನಾನು ಮೂಟೆ ತೂಗುವ ಸ್ಕೇಲ್ ಮೇಲೇ ನಿಲ್ಲುತ್ತೇನೆ. ಭಾನುವಾರ ಹೊರಡುವ ಮುಂಚೆ 54.2, ಬಂದ ಮೇಲೆ 53.1. ಒಂದು ಕೆಜಿ ಅಂದರೆ ಹತ್ತಿರ ಹತ್ತಿರ ಒಂದು ಲೀಟರ್ ಬೆವರು. ಕಳೆದುಕೊಂಡದ್ದಕ್ಕಿಂತ ಸ್ವಲ್ಪ ಜಾಸ್ತಿ, ಒಂದೂವರೆ ಲೀಟರ್, ಮುಂದಿನ ಮೂರು ನಾಲ್ಕು ಗಂಟೆಯಲ್ಲಿ ನಿಧಾನವಾಗಿ ಕುಡಿಯುತ್ತೇನೆ. ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ನೀರು. ಒಂದೇ ಸಲ ಬರೀ ನೀರನ್ನು ಹೊಟ್ಟೆ ತುಂಬಾ ಸುರಿದುಕೊಳ್ಳಬೇಡಿ.

ನಿದ್ದೆ ಏಳು ಗಂಟೆಗಿಂತ ಕಮ್ಮಿ ಆಗಬಾರದು. ನಾನು ಐದಕ್ಕೆ ಏಳುತ್ತೇನೆ, ಆದ್ದರಿಂದ ಒಂಬತ್ತೂವರೆಗೆ ದೀಪ ಆರಿಸುತ್ತೇನೆ. ಮಧ್ಯಾಹ್ನ ಮಿಲ್‌ನ ಶಟರ್ ಅರ್ಧ ಇಳಿಸಿ ಇಪ್ಪತ್ತು ನಿಮಿಷ ಮಲಗುತ್ತೇನೆ. ಯಾವುದೋ ಕಾರಣಕ್ಕೆ ರಾತ್ರಿ ಐದು ಗಂಟೆಯೇ ನಿದ್ದೆಯಾಯಿತು ಅಂದರೆ ಅವತ್ತಿನ ಕೆಂಪು ಹಗುರವಾಗುತ್ತದೆ. ನಿದ್ದೆಗೆಟ್ಟು ಓಡುವುದು ಶಿಸ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ದೇಹ ಬೆಳಗ್ಗೆಯೇ ಹೇಳುತ್ತದೆ

ಎದ್ದ ತಕ್ಷಣ, ಹಾಸಿಗೆಯಲ್ಲೇ, ಕತ್ತಿನ ಪಕ್ಕ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಎರಡು ವಾರ ಬರೆದಿಟ್ಟರೆ ನಿಮ್ಮ ಮಾಮೂಲಿ ಎಷ್ಟು ಅಂತ ಗೊತ್ತಾಗುತ್ತದೆ. ನನ್ನದು 58. ಒಂದು ದಿನ 62 ಇದ್ದರೆ ಪರವಾಗಿಲ್ಲ. 66 ದಾಟಿದರೆ ಅವತ್ತು ಕೆಂಪು ಇಲ್ಲ. ಎರಡು ಮೂರು ದಿನ ಹಾಗೇ ಇದ್ದರೆ ಜ್ವರ ಬರುವ ಮುನ್ಸೂಚನೆ ಇರಬಹುದು, ಇಲ್ಲವೇ ಸುಸ್ತು ಗುಡ್ಡೆ ಬಿದ್ದಿದೆ. ಇದರ ಜೊತೆ ಇನ್ನಷ್ಟು ಗುರುತುಗಳಿವೆ. ಮಾಮೂಲಿ ಹಗುರದ ವೇಗವೇ ಭಾರ ಅನಿಸುವುದು, ಸುಸ್ತಾದರೂ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಮನೆಯವರ ಮೇಲೆ ಸುಮ್ಸುಮ್ನೆ ರೇಗುವುದು. ಈ ಕೊನೆಯದನ್ನು ಮನೆಯವರೇ ಮೊದಲು ಗುರುತಿಸುತ್ತಾರೆ. “ಅಮ್ಮ, ಈ ವಾರ ಓಟ ಬಿಡು” ಅಂತ ನನ್ನ ಮಗಳು ಹೇಳಿದರೆ ನಾನೀಗ ವಾದ ಮಾಡುವುದಿಲ್ಲ. ಈ ಹಂತದಲ್ಲಿ ಒಂದು ವಾರ ಬಿಟ್ಟರೆ ಸರಿಹೋಗುತ್ತದೆ. ತಳ್ಳಿಕೊಂಡು ಓಡಿದರೆ ಸರಿಹೋಗಲು ತಿಂಗಳುಗಟ್ಟಲೆ ಹಿಡಿಯಬಹುದು.

ನೋವಿನಲ್ಲಿ ಎರಡು ಬಗೆ. ಎರಡೂ ತೊಡೆ, ಎರಡೂ ಮೀನಖಂಡ ಉದ್ದಕ್ಕೂ ಹಿಡಿದುಕೊಂಡು, ಓಡಾಡಿದಂತೆ ಕಮ್ಮಿಯಾದರೆ ಅದು ಮಾಂಸಖಂಡದ ನೋವು. ಹಗುರವಾಗಿ ಓಡಬಹುದು. ಹೆಬ್ಬೆರಳಿನಲ್ಲಿ ಒತ್ತಿದರೆ ಮೂಳೆಯ ಒಂದೇ ಜಾಗದಲ್ಲಿ ಚುಳ್ ಅನ್ನುವುದು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ನೋಯುವುದು, ರಾತ್ರಿ ಮಲಗಿದಾಗಲೂ ಇರುವುದು, ಇವು ಮೂಳೆಯ ಗುರುತು. ಅವತ್ತೇ ಓಟ ನಿಲ್ಲಿಸಿ, ಮೂಳೆ ಡಾಕ್ಟರ್‌ಗೆ ತೋರಿಸಿ. ಮೆಡಿಕಲ್ ಸ್ಟೋರ್‌ನಲ್ಲಿ ನೋವಿನ ಮಾತ್ರೆ ತಂದು ನುಂಗಿ ಓಡುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ನೋವು ಮುಚ್ಚಿಹೋಗುತ್ತದೆ, ಬಿರುಕು ದೊಡ್ಡದಾಗುತ್ತದೆ. ಬೆವರಿ ನೀರು ಕಮ್ಮಿಯಾದ ಮೈಗೆ ಐಬುಪ್ರೊಫೇನ್‌ನಂಥ ಮಾತ್ರೆ ಕಿಡ್ನಿಗೂ ಭಾರ.

ಜ್ವರ ಇದ್ದಾಗ ಓಟ ಇಲ್ಲವೇ ಇಲ್ಲ. ವೈರಲ್ ಜ್ವರದಲ್ಲಿ ಹೃದಯದ ಮಾಂಸಕ್ಕೂ ಊತ ಬರುವ ಅಪಾಯವಿದೆ, ಆಗ ದಮ್ಮು ಕಟ್ಟಿ ಓಡುವುದು ಪ್ರಾಣಕ್ಕೇ ಕುತ್ತು. ಜ್ವರ ಎಷ್ಟು ದಿನ ಇತ್ತೋ, ಬಿಟ್ಟ ಮೇಲೆ ಅಷ್ಟು ದಿನ ಬರೀ ನಡಿಗೆ, ಇದು ನಾನು ಇಟ್ಟುಕೊಂಡಿರುವ ಲೆಕ್ಕ. ಡೆಂಗ್ಯೂ, ಚಿಕೂನ್‌ಗುನ್ಯ ಆದರೆ ಡಾಕ್ಟರ್ ಹೇಳಿದ ಮೇಲೆಯೇ ಶುರು.

ಓಟದ ದಿನ ಹತ್ತಿರ ಬಂದಾಗ

ಕೊನೆಯ ಎರಡು ವಾರದಲ್ಲಿ ಹೊಸದಾಗಿ ಶಕ್ತಿ ಸೇರಿಸಲು ಆಗುವುದಿಲ್ಲ. ಆದ್ದರಿಂದ ದೂರವನ್ನು ಅರ್ಧಕ್ಕೆ ಇಳಿಸಿ, ವೇಗ ಮಾತ್ರ ಬಿಡಬೇಡಿ. ಎಂಟು ಸುತ್ತು ಹೊಡೆಯುತ್ತಿದ್ದರೆ ನಾಲ್ಕು ಸುತ್ತು, ಅದೇ ವೇಗದಲ್ಲಿ. ಈ ದಿನಗಳಲ್ಲಿ ಕಾಲು ಒಂಥರಾ ಜಡ ಅನಿಸುತ್ತದೆ, ಇಲ್ಲದ ನೋವೆಲ್ಲ ಕಾಣಿಸಿಕೊಳ್ಳುತ್ತದೆ. ಗಾಬರಿಯಾಗಿ ಕೊನೆಯ ಭಾನುವಾರ ಮತ್ತೊಂದು ಉದ್ದದ ಓಟ ಹಾಕಿಬಿಡಬೇಡಿ. ನಾನು ಆ ಭಾನುವಾರ ಅಮಾನಿಕೆರೆಯ ಸುತ್ತ ಮಗಳ ಜೊತೆ ನಡೆದು ಬರುತ್ತೇನೆ.

ಓಟ ಮುಗಿದ ಮೇಲಿನ ವಾರ ಪೂರ್ತಿ ನೀಲಿ. ನಡೆಯಬಹುದು, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ. ಎರಡನೇ ವಾರ ಅರ್ಧರ್ಧ ಗಂಟೆಯ ಹಗುರದ ಓಟ, ಅದೂ ಮೂರೇ ದಿನ. 42 ಕಿಲೋಮೀಟರ್ ಓಡಿದ್ದರೆ ಈ ಎರಡು ವಾರವನ್ನು ನಾಲ್ಕು ಮಾಡಿಕೊಳ್ಳಿ. ಆಮೇಲಿನ ಮಂಗಳವಾರ ಬೆಳಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿ. ಮಾಮೂಲಿಗೆ ಬಂದಿದ್ದರೆ ಕೆಂಪು ಪೆನ್ನು ಹುಡುಕಿ. ಬಂದಿಲ್ಲದಿದ್ದರೆ ಇನ್ನೊಂದು ವಾರ ಅದು ಡ್ರಾಯರ್‌ನಲ್ಲೇ ಇರಲಿ.